ಹಲಗೆಯ ಮೇಲಿನ ತಾರೀಖು

ತೊಬುಸೆ ದ್ವೀಪ
ಏಪ್ರಿಲ್ 23, 2017

ಅಪ್ಪ,

ನಾನು ಶಾಲೆ ಬಿಟ್ಟಿದ್ದೇನೆ. ಈಗಲ್ಲ, ಹೋದ ಸೆಪ್ಟೆಂಬರಿನಲ್ಲೇ.

ನಿನಗೆ ಸುಳ್ಳು ಬರೆಯಲಿಲ್ಲ. ಊಟ ಸರಿಯಾಗಿ ಮಾಡುತ್ತೀಯಾ ಎಂದು ಪ್ರತಿ ಪತ್ರದಲ್ಲೂ ನೀನು ಕೇಳಿದೆ, ಮಾಡುತ್ತೇನೆ ಎಂದು ನಾನು ಬರೆದೆ. ಅಜ್ಜಿಯ ಮಂಡಿ ಹೇಗಿದೆ ಎಂದು ಕೇಳಿದೆ, ಹಾಗೇ ಇದೆ ಎಂದು ಬರೆದೆ. ಶಾಲೆಯ ಬಗ್ಗೆ ನೀನು ಕೇಳಲಿಲ್ಲ, ಹೊಸ ವರ್ಷಕ್ಕೆ ಬಂದಾಗಲೂ ಕೇಳಲಿಲ್ಲ, ನಾನು ಹೇಳಲಿಲ್ಲ. ಆದರೂ ಇದು ಮುಚ್ಚಿಟ್ಟದ್ದೇ, ಒಪ್ಪುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು "ಹ್ಞೂ" ಬಿಟ್ಟು ಬೇರೇನೂ ಆಡುವುದಿಲ್ಲ. ನಿನ್ನ "ಹ್ಞೂ" ಕೇಳಿದರೆ ನನಗೆ ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ.

ಶಾಲೆ ಬಿಡುವ ಅರ್ಜಿಗೆ ಸಹಿಯ ಜಾಗದಲ್ಲಿ ನಿನ್ನ ಹೆಸರಿನ ಮುದ್ರೆ ಒತ್ತಿದ್ದು ಅಜ್ಜಿ. ಕಪಾಟಿನಿಂದ ತೆಗೆದು, ಕೆಂಪು ಶಾಯಿಗೆ ಅದ್ದಿ, ಬಾಯಿಂದ ಊದಿ ಊದಿ ಒತ್ತಿದಳು. "ದಿನಾ ದೋಣೀಲಿ ಹೋಗಿ ಪೇಟೇಲಿ ಸುತ್ತಿ ಸಂಜೆ ದೋಣೀಲಿ ವಾಪಸ್ ಬರ್ತೀಯ. ಅಷ್ಟಕ್ಕೆ ಯೂನಿಫಾರ್ಮ್ ಯಾಕೆ ಕೊಳೆ ಮಾಡ್ತೀಯೇ?" ಎಂದಳು. ಅವಳಿಗೆ ಮೊದಲಿಂದಲೂ ಗೊತ್ತಿತ್ತು.

ಈಗ ಬೆಟ್ಟ ಕಡಿದು ಮಣ್ಣು ಮಾರುವ ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ನಗಬೇಡ. ನೀನು ಹದಿನೆಂಟನೇ ವಯಸ್ಸಿನಲ್ಲಿ ಬುಲ್ಡೋಜರ್ ಹತ್ತಿದ ಅದೇ ಕಂಪನಿ, ಅದೇ ತಗಡಿನ ಕಚೇರಿ. ನನ್ನ ಕೆಲಸ ಫೋಟೊ ತೆಗೆಯುವುದು. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಕರಿಹಲಗೆ. ಹಲಗೆಯ ಮೇಲೆ ಕೆಲಸದ ಹೆಸರು, ಜಾಗ, ತಾರೀಖು, ಮಾಡಿದವರ ಹೆಸರು, ಎಲ್ಲ ಸೀಮೆಸುಣ್ಣದಲ್ಲಿ ಬರೆದು, ಅದನ್ನು ಕೆಲಸದ ಪಕ್ಕದಲ್ಲಿ ಹಿಡಿದೋ ನಿಲ್ಲಿಸಿಯೋ ಫೋಟೊ ತೆಗೆಯಬೇಕು. ನಿನಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ನನಗೆ ಹೊಸದು, ಅದಕ್ಕೇ ಹೇಳುತ್ತಿದ್ದೇನೆ.

ಸೇರಿದ ವಾರವೇ ಒಂದು ತಪ್ಪು ಮಾಡಿದೆ. ಮಳೆನೀರಿನ ಕೊಳವೆಯನ್ನು ಚರಂಡಿಯಲ್ಲಿ ಕೂರಿಸುವಾಗ ಹಲಗೆ ಇಡಲು ಮರೆತೆ. ಫೋಟೊ ಚೆನ್ನಾಗಿತ್ತು, ಬಿಸಿಲು ಓರೆಯಾಗಿ ಬಿದ್ದು ಕೊಳವೆ ಹಾವಿನ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಇಲ್ಲಿನ ಉಸ್ತುವಾರಿ ಮೊರಿವಾಕಿ-ಸಾನ್ ಫೋಟೊ ನೋಡಿ, "ಹಲಗೆ ಎಲ್ಲಮ್ಮಾ?" ಎಂದರು. "ಮರೆತೆ." "ಹಾಗಾದ್ರೆ ಕೊಳವೇನೇ ಹಾಕಿಲ್ಲ." ತಮಾಷೆ ಎಂದುಕೊಂಡೆ. ಅಲ್ಲ. ಇಬ್ಬರು ಇಳಿದು ಮುಚ್ಚಿದ ಮಣ್ಣನ್ನೆಲ್ಲ ಮತ್ತೆ ತೆಗೆದರು, ನಾನು ಹಲಗೆ ಇಟ್ಟು ಫೋಟೊ ತೆಗೆದೆ, ಮತ್ತೆ ಮುಚ್ಚಿದರು. ಆ ಇಬ್ಬರು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ.

ಆದರೆ ನನಗೆ ಆ ನಿಯಮ ಹಿಡಿಸಿತು. ಹಲಗೆ ಇಲ್ಲದ್ದು ನಡೆದೇ ಇಲ್ಲ; ಹಲಗೆಯ ಮೇಲಿರುವುದು ನಡೆದದ್ದು. ಶಾಲೆಯಲ್ಲಿ ಇಷ್ಟು ಸ್ಪಷ್ಟವಾದ ಮಾತನ್ನು ಯಾರೂ ಹೇಳಿರಲಿಲ್ಲ.

ಬೈಯುವುದಿದ್ದರೆ ಕಾಗದದಲ್ಲಿ ಬೈ.

ಚಿಗುಸಾ


ಶಿಜುಹಮ
ಮೇ 9

ಚಿಗು,

ಇಲ್ಲಿ ಚೆರ್ರಿ ಹೂ ಈಗಷ್ಟೇ ಉದುರಿ ಮುಗಿಯಿತು. ಬೆಳಗ್ಗೆ ಇನ್ನೂ ಕೈ ಮರಗಟ್ಟುತ್ತದೆ.

ನಿನ್ನ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಒಂದು ವಾರ ಓಡಾಡಿದೆ. ಬೈಯಲು ಕುಳಿತಾಗಲೆಲ್ಲ ಯಾರೋ ಕರೆಯುತ್ತಿದ್ದರು. ಈಗ ಬೈಗುಳ ಆರಿಹೋಗಿದೆ. ನಾನು ಮನೆ ಬಿಟ್ಟು ಇಷ್ಟು ದೂರ, ಸುನಾಮಿ ಬಂದ ಊರಿನಲ್ಲಿ ಸಮುದ್ರದ ಗೋಡೆ ಕಟ್ಟುತ್ತ ಕುಳಿತಿರುವುದು ನೀನು ಕೈಯಲ್ಲಿ ಹಲಗೆ ಹಿಡಿಯಲಿ ಎಂದಲ್ಲ. ಇಷ್ಟು ಸಾಕು. ನನ್ನ ಅಮ್ಮನಿಗೆ ಹೇಳು, ಮುದ್ರೆ ನನಗೆ ಕಳಿಸಲಿ.

ಇನ್ನೊಂದು ವಿಷಯ. ಮೊರಿವಾಕಿ ಫೋನ್ ಮಾಡಿದ್ದ. ಬೆಟ್ಟದ ಉತ್ತರ ಮುಖವನ್ನೂ ಕಡಿಯಲು ತೆರೆಯುತ್ತಾರಂತೆ. ಕಡಿದಾದ ಜಾಗ, ಹೊಸಬರು ಹೆದರುತ್ತಾರೆ, ಹಳೆಯ ಕೈ ಬೇಕು ಎಂದ. ಹೊಸ ವರ್ಷದಿಂದ ನನ್ನನ್ನು ಸೇರಿಸಿಕೊಳ್ಳುತ್ತಾನೆ. ಮಾತು ಕೊಟ್ಟಿದ್ದಾನೆ.

ನಿನಗೆ ಹತ್ತು ವರ್ಷವಾದಾಗಿನಿಂದ ನಾನು ನಿನ್ನನ್ನು ನೋಡಿದ್ದು ಹೊಸ ವರ್ಷದ ರಜೆಯಲ್ಲಿ ಮಾತ್ರ. ಪ್ರತಿ ಸಲ ಬೇರೆ ಹುಡುಗಿ ಬಾಗಿಲು ತೆಗೆದ ಹಾಗೆ ಇರುತ್ತದೆ. ಈ ಸಲ ಬಂದರೆ ಮತ್ತೆ ಹೋಗುವುದಿಲ್ಲ. ಅಷ್ಟರವರೆಗೆ ಮೊರಿವಾಕಿ ಹೇಳಿದಂತೆ ಕೇಳಿಕೊಂಡಿರು.

ಊಟ ಸರಿಯಾಗಿ ಮಾಡು.

ಇಸಾವೊ


ತೊಬುಸೆ
ಜೂನ್ 19

ಅಪ್ಪ,

ನೀನು ಮನೆಗೆ ಬರುತ್ತೀಯೆಂದು ಓದಿ ಅಜ್ಜಿ ಆಗಲೇ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದಳು. ಇನ್ನೂ ಆರು ತಿಂಗಳಿದೆ ಎಂದೆ. "ಆರು ತಿಂಗಳ ಮುಗ್ಗಲು ವಾಸನೆ ಒಂದೇ ದಿನಕ್ಕೆ ಹೋಗುತ್ತೇನೇ?" ಎಂದಳು. ಮುದ್ರೆ ಕಳಿಸುವುದಿಲ್ಲವಂತೆ. ಬಂದು ತೆಗೆದುಕೊಳ್ಳಬೇಕಂತೆ.

ಈಗ ನನ್ನ ಭಾನುವಾರಗಳ ವಿಷಯ. ಪೇಟೆಯಲ್ಲಿ ಒಂದು ಹಳೆಯ ಕ್ಯಾಮೆರಾ ಕೊಂಡೆ. ಹಲಗೆಯನ್ನು ನಾನೇ ಮಾಡಿಕೊಂಡೆ: ಅಜ್ಜಿ ಮೋಚಿ ಅಕ್ಕಿಕಡುಬಿನ ಹಿಟ್ಟು ಹರಡುತ್ತಿದ್ದ ಹಳೆಯ ಮಣೆಗೆ ಕಡುಹಸಿರು ಬಣ್ಣ ಬಳಿದು. ಕಂಪನಿಯ ಹಲಗೆ ಮುಟ್ಟಿಲ್ಲ. ಆ ಹಲಗೆಯ ಜೊತೆ ದ್ವೀಪ ಸುತ್ತಿ, ಇಲ್ಲಿ ಮನುಷ್ಯರು ಏನೇನು ಮಾಡಿದ್ದಾರೋ ಅದನ್ನೆಲ್ಲ ಕಂಪನಿಯ ಪದ್ಧತಿಯಲ್ಲೇ ದಾಖಲಿಸುತ್ತಿದ್ದೇನೆ. ಯಾಕೆಂದರೆ, ಯೋಚಿಸಿ ನೋಡು, ಇಡೀ ಬೆಟ್ಟದ ಅರ್ಧ ಹೋಗಿದೆ, ಹೋದ ಅರ್ಧಕ್ಕೆ ಒಂದೂ ಹಲಗೆಯಿಲ್ಲ. ಚರಂಡಿಗೆ ಇದೆ, ಕೊಳವೆಗೆ ಇದೆ, ಬೇಲಿಯ ಕಂಬಕ್ಕೂ ಇದೆ. ಬೆಟ್ಟಕ್ಕೆ ಇಲ್ಲ. ನಮ್ಮ ಬೆಟ್ಟ ಈಗ ದೋಣಿಗಳಲ್ಲಿ ಹೋಗಿ, ಸಮುದ್ರ ತುಂಬಿಸಿ ಕಟ್ಟಿದ ಯಾವುದೋ ವಿಮಾನ ನಿಲ್ದಾಣದ ಕೆಳಗೆ ಬಿದ್ದಿದೆ. ಹಾಗಾದರೆ ಅದು ಹೋಗಲೇ ಇಲ್ಲವೇ?

ಮೊದಲ ಫೋಟೊ ಅಜ್ಜಿಯ ಕಿತ್ತಳೆ ತೋಟ ಇದ್ದ ಜಾಗ. ಈಗ ಅಲ್ಲಿ ಗಾಳಿ ಇದೆ. ಬಂಡೆಯ ಅಂಚಿನಲ್ಲಿ ನಿಂತು ಹಲಗೆ ಹಿಡಿಯಲು ಅಜ್ಜಿಯನ್ನೇ ಕರೆದೊಯ್ದೆ. "ಜಾಗ: ಕಿತ್ತಳೆ ತೋಟ. ಕೆಲಸ: ತೆಗೆದದ್ದು" ಎಂದು ಬರೆದೆ. ಅವಳು ಕನ್ನಡಕ ಸರಿಮಾಡಿಕೊಂಡು ಓದಿದಳು.

"ಇಷ್ಟೇನಾ? ಮಾರಿದ್ದು ಯಾರು ಅಂತ ಬರೀಲಿಲ್ಲ?"

"ಅದು ಯಾಕಜ್ಜಿ?"

"ಯಾಕೆ ಅಂದ್ರೆ! ಅವರೇನು ಕಳ್ಳತನ ಮಾಡಿದ್ರಾ? ನಾನು ಮಾರಿದೆ, ಅವರು ತಗೊಂಡ್ರು. ಬರಿಯೇ, ಕಿಯೊನೊ ಮಾರಿದ್ದು ಅಂತ. ದೊಡ್ಡದಾಗಿ ಬರಿ, ನನಗೆ ಕಾಣ್ಬೇಕು."

ಬರೆದೆ. ಫೋಟೊದಲ್ಲಿ ಅವಳು ಬಹುಮಾನ ಗೆದ್ದವಳ ಹಾಗೆ ಎದೆ ಸೆಟೆಸಿ ನಿಂತಿದ್ದಾಳೆ.

ಈ ಪತ್ರದ ಜೊತೆ ಇನ್ನೊಂದು ಫೋಟೊದ ಪ್ರತಿ ಕಳಿಸುತ್ತಿದ್ದೇನೆ: ಪಶ್ಚಿಮ ಮುಖ. ಆ ಬೋಳು ಗೋಡೆಯನ್ನು ಯಾರು ಕಡಿದರೆಂದು ಊರಿಗೆಲ್ಲ ಗೊತ್ತು. ಹಲಗೆಯಲ್ಲಿ ನಿನ್ನ ಹೆಸರೇ ಇದೆ. ಮುಚ್ಚಿಡುವುದು ಬೇಡವೆಂದು ನಿನಗೇ ಮೊದಲು ಕಳಿಸಿದ್ದು.

ನಿನ್ನೆ ಉತ್ತರ ಮುಖಕ್ಕೆ ಹೋಗಿದ್ದೆ. ಹಿಂದಿನ ದಿನ ಜೋರು ಮಳೆ. ಅಲ್ಲಿ ಆಗಲೇ ಅಗೆಯಲು ಶುರುಮಾಡಿದ್ದಾರೆ. ಕೆಂಪು ಕೆಸರು ನೇರವಾಗಿ ಸಮುದ್ರಕ್ಕೆ ಇಳಿಯುತ್ತಿತ್ತು. ಕೆಳಗೆ ಸಮುದ್ರದಲ್ಲಿ ತಿನ್ನುವ ನೊರಿ ಪಾಚಿ ಬೆಳೆಸುವ ತೊಕುಜಿ ಮಾಮ ಬಲೆಯ ಬಿದಿರು ಸರಿಮಾಡುತ್ತಿದ್ದ. "ಮೊದ್ಲು ಕೆಸರು ಹೊಂಡ ತೋಡ್ಬೇಕು, ನೀರು ಅಲ್ಲಿ ನಿಂತು ತಿಳಿಯಾಗ್ಬೇಕು, ಆಮೇಲೆ ಬೆಟ್ಟಕ್ಕೆ ಕೈ ಹಾಕ್ಬೇಕು. ಪರವಾನಗೀಲಿ ಹಾಗೇ ಇದೆ, ನಮ್ಮ ಮೀನುಗಾರರ ಸಂಘದಲ್ಲಿ ಓದಿ ಹೇಳಿದ್ರು. ಎಲ್ಲಿದೆ ಹೊಂಡ? ಶರತ್ಕಾಲದಲ್ಲಿ ನಾನು ಬಲೆ ಇಳಿಸಿದಾಗ ಈ ಕೆಸರೆಲ್ಲ ಅದರ ಮೇಲೇ ಕೂತ್ಕೊಳುತ್ತೆ" ಎಂದ. ಅದನ್ನೂ ತೆಗೆದೆ. ಹಲಗೆಯ ಮೇಲೆ: "ಜೂನ್ 18. ಉತ್ತರ ಮುಖ. ಮಳೆಯ ಮರುದಿನ. ಹೊಂಡ: ಇಲ್ಲ."

ಚಿಗುಸಾ


ಶಿಜುಹಮ
ಆಗಸ್ಟ್ 17

ಚಿಗು,

ಹಿರಿಯರ ಹಬ್ಬಕ್ಕೆ ಈ ವರ್ಷವೂ ಬರಲಾಗಲಿಲ್ಲ. ಕಾಂಕ್ರೀಟ್ ಹಾಕುವ ದಿನ ಮುಂದೂಡಿದರು. ನನ್ನ ಅಪ್ಪನ ಸಮಾಧಿಗೆ ನನ್ನ ಪಾಲಿನ ನೀರನ್ನೂ ನೀನೇ ಹಾಕಿದ್ದೀಯೆಂದು ಅಂದುಕೊಂಡಿದ್ದೇನೆ.

ಪಶ್ಚಿಮ ಮುಖದ ಫೋಟೊ ನೋಡಿದೆ. ಬಹಳ ಸಲ ನೋಡಿದೆ. ಚೆನ್ನಾಗಿ ತೆಗೆದಿದ್ದೀಯ, ಅದೇ ಕಷ್ಟ. ಕೆಟ್ಟದಾಗಿ ತೆಗೆದಿದ್ದರೆ ಪಕ್ಕಕ್ಕಿಡಬಹುದಿತ್ತು.

ಆ ಬೆಟ್ಟ ಕಡಿದು ನಿನ್ನ ಅಮ್ಮನನ್ನು ಮದುವೆಯಾದೆ. ಅವಳು ಬಿಟ್ಟುಹೋದ ಮೇಲೆ ಆ ಬೆಟ್ಟ ಕಡಿದೇ ನಿನಗೆ ಹಾಲುಪುಡಿ ತಂದೆ. ನೀನು ಹಲಗೆಯಲ್ಲಿ ನನ್ನ ಹೆಸರು ಬರೆದೆ, ಇದನ್ನು ಬರೆಯಲಿಲ್ಲ. ಹಲಗೆ ಚಿಕ್ಕದು, ಹಿಡಿಸುವುದಿಲ್ಲ ಎನ್ನಬೇಡ. ಹಿಡಿಸದ್ದನ್ನು ಬಿಟ್ಟು ಉಳಿದದ್ದನ್ನು ಬರೆದು ಇದೇ ಸತ್ಯ ಎಂದರೆ ನನಗೆ ಒಪ್ಪಿಗೆಯಿಲ್ಲ.

ನನ್ನ ಅಮ್ಮನನ್ನು ಬಂಡೆಯ ಅಂಚಿಗೆ ನಿಲ್ಲಿಸಬೇಡ.

ಇಸಾವೊ


ತೊಬುಸೆ
ಸೆಪ್ಟೆಂಬರ್ 25

ಅಪ್ಪ,

ನೀನು ಹೇಳಿದ್ದು ಸರಿ. ಹಾಲುಪುಡಿ ನನಗೆ ಹೊಳೆದಿರಲಿಲ್ಲ. ಪಶ್ಚಿಮ ಮುಖಕ್ಕೆ ಮತ್ತೆ ಹೋಗಿ ಎರಡನೇ ಫೋಟೊ ತೆಗೆದೆ. ಹಲಗೆಯಲ್ಲಿ "ಕಡಿದದ್ದು: ಯುಆಸಾ ಇಸಾವೊ. ಸಾಕಿದ್ದು: ನನ್ನನ್ನು" ಎಂದಿದೆ. ಹಳೆಯದನ್ನು ಹರಿಯುವುದಿಲ್ಲ. ಎರಡೂ ಇರುತ್ತವೆ.

ಈಗ ಶುಕ್ರವಾರ ನಡೆದದ್ದನ್ನು ಹೇಳುತ್ತೇನೆ. ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು.

ಉತ್ತರ ಮುಖದಲ್ಲಿ ಕೆಸರು ಹೊಂಡ ತೋಡಿದರು. ಈಗ, ಹೋದ ವಾರ. ಬೇಸಿಗೆಯೆಲ್ಲ ಬೆಟ್ಟ ಅಗೆದಾದ ಮೇಲೆ. ಬರುವ ತಿಂಗಳು ಜಿಲ್ಲೆಯ ಇಲಾಖೆಗೆ ಫೋಟೊ ಆಲ್ಬಮ್ ಒಪ್ಪಿಸಬೇಕಲ್ಲ. ಅಲ್ಲಿಯವರು ಬೆಟ್ಟ ನೋಡುವುದಿಲ್ಲ, ಆಲ್ಬಮ್ ನೋಡುತ್ತಾರೆ. ನಾನು ಹಲಗೆಯ ಮೇಲೆ ಸೆಪ್ಟೆಂಬರ್ 22 ಎಂದು ಬರೆದೆ. ಮೊರಿವಾಕಿ-ಸಾನ್ ಅಂಗಿಯ ತೋಳಿನಿಂದ ಒರೆಸಿದರು.

"ಜೂನ್ 5 ಅಂತ ಬರಿ."

"ಇವತ್ತು ಸೆಪ್ಟೆಂಬರ್ ಇಪ್ಪತ್ತೆರಡು."

"ನನಗೇನು ಕ್ಯಾಲೆಂಡರ್ ಇಲ್ವಾ? ಬರಿಯಮ್ಮಾ."

ಮತ್ತೆ ಸೆಪ್ಟೆಂಬರ್ 22 ಎಂದೇ ಬರೆದೆ. ಅವರು ಮತ್ತೆ ಒರೆಸಿದರು. ಆಳುಗಳು ನಗತೊಡಗಿದರು. ಅವರೂ ನಕ್ಕರು, ಅವರು ಕೆಟ್ಟವರಲ್ಲ. "ನೋಡು, ಹೊಂಡ ಬೇಕಿತ್ತು, ಹೊಂಡ ಆಯ್ತು. ಯಾರಿಗೇನು ನಷ್ಟ? ನಾಲ್ಕು ಗೀಟು ಸುಣ್ಣ."

"ತೊಕುಜಿ ಮಾಮನ ಬಲೆ ಜಾಗದಲ್ಲೆಲ್ಲ ಕೆಸರಿದೆ. ಜೂನಲ್ಲೇ ಹೊಂಡ ಇತ್ತು ಅಂತ ಬರೆದ್ರೆ ಆ ಕೆಸರು ಎಲ್ಲಿಂದ ಬಂತು ಅಂತ ಅವನು ಯಾರನ್ನ ಕೇಳ್ಬೇಕು?"

ಆಗ ಅವರ ನಗು ನಿಂತಿತು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲನೆ, "ನಿಮ್ಮಪ್ಪ ಹೊಸ ವರ್ಷಕ್ಕೆ ಬರ್ತಾನೆ ಅಂತಿದಾನೆ. ಬರ್ಬೇಕೋ ಬೇಡ್ವೋ?" ಎಂದರು.

ನಾನು ಸೀಮೆಸುಣ್ಣವನ್ನೂ ಕ್ಯಾಮೆರಾವನ್ನೂ ಅವರ ಕೈಗೆ ಕೊಟ್ಟೆ. ಹಲಗೆ ಬೇರೆ ಯಾರೋ ಹಿಡಿದರು, ಬರೆದದ್ದು ಮೊರಿವಾಕಿ-ಸಾನ್. ನಾನು ಹೆಲ್ಮೆಟ್ ಕಚೇರಿಯ ಮೊಳೆಗೆ ತೂಗುಹಾಕಿ ಮನೆಗೆ ಬಂದೆ.

ನವೆಂಬರ್ ಮೂರರ ಊರ ಪ್ರದರ್ಶನದಲ್ಲಿ ನನ್ನ ಫೋಟೊಗಳಿಗೆ ಒಂದು ಗೋಡೆ ಕೇಳಿದ್ದೇನೆ. ಜೂನ್ 18ರದ್ದನ್ನೂ ತೂಗುಹಾಕುತ್ತೇನೆ. ಅದರಿಂದ ಏನಾಗಬಹುದೆಂದು ನನಗೆ ಗೊತ್ತು. ನಿನಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಚಿಗುಸಾ


ಶಿಜುಹಮ
ಅಕ್ಟೋಬರ್ 4

ಚಿಗು,

ಮೊರಿವಾಕಿ ಫೋನ್ ಮಾಡಿದ್ದ. ಪ್ರದರ್ಶನದ ಸುದ್ದಿ ಅವನಿಗೂ ಮುಟ್ಟಿದೆ, ಒಳ್ಳೆಯ ಮಾತಿನಲ್ಲೇ ಹೇಳಿದ. ಜೂನ್ 18ರ ಆ ಒಂದು ಫೋಟೊ ಬಿಟ್ಟು ಉಳಿದದ್ದು ಏನು ಬೇಕಾದರೂ ತೂಗುಹಾಕಲಿ, ಕಿತ್ತಳೆ ತೋಟ, ಪಶ್ಚಿಮ ಮುಖ, ಬೋಳು ಬಂಡೆ, ನಾನೇ ಬಂದು ಚಪ್ಪಾಳೆ ತಟ್ಟುತ್ತೇನೆ ಎಂದ. ಆ ಒಂದು ಮಾತ್ರ ಬೇಡ.

ನಾವು ಇಲ್ಲಿ ತಗಡಿನ ಮನೆಯಲ್ಲಿ ಆರು ಜನ. ಗೊರಕೆಯಿಂದಲೇ ಯಾರು ಯಾರೆಂದು ಹೇಳಬಲ್ಲೆ. ಸೊಂಟ ಮೊದಲಿನಂತಿಲ್ಲ. ಏಣಿ ಹತ್ತುವಾಗ ಹಿಂದಿನವನು ನಿಲ್ಲಬೇಕಾಗುತ್ತದೆ. ಅವನು ಏನೂ ಅನ್ನುವುದಿಲ್ಲ, ಅದು ಇನ್ನೂ ಕಷ್ಟ. ನಾನು ನಿನ್ನನ್ನು ಈವರೆಗೆ ಏನೂ ಕೇಳಿಲ್ಲ. ಶಾಲೆ ಬಿಟ್ಟಾಗಲೂ ಹೋಗು ಎಂದು ಹೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಒಂದು ಫೋಟೊ. ನನಗೆ ಮನೆಗೆ ಬರಬೇಕು.

ಇಸಾವೊ


ತೊಬುಸೆ
ಅಕ್ಟೋಬರ್ 29

ಅಪ್ಪ,

ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಬರೆದದ್ದನ್ನೆಲ್ಲ ಅಜ್ಜಿ ಒಲೆಗೆ ಹಾಕಿದಳು, "ಇದರಲ್ಲಿ ಬರೀ ಅಳು ಇದೆ, ಮಾತಿಲ್ಲ" ಎಂದು.

ಮಾತು ಇದು. ಆ ಫೋಟೊ ತೂಗುಹಾಕುತ್ತೇನೆ.

ಅದನ್ನು ಕೆಳಗಿಟ್ಟರೆ ಉಳಿದವೆಲ್ಲ ಬರೀ ಚಂದದ ಚಿತ್ರಗಳಾಗುತ್ತವೆ. ಹಳೆಯ ಗಾಯವನ್ನು ತೋರಿಸಲು ಯಾರಿಗೂ ಅಡ್ಡಿಯಿಲ್ಲ, ಮೊರಿವಾಕಿ-ಸಾನ್ ಚಪ್ಪಾಳೆಯನ್ನೂ ತಟ್ಟುತ್ತಾರೆ. ಈಗ ಆಗುತ್ತಿರುವುದನ್ನು ಮಾತ್ರ ತೋರಿಸಬಾರದು. ನೀನು ಮನೆಗೆ ಬರಬೇಕೆಂದು ನನಗಿರುವಷ್ಟು ಆಸೆ ನಿನಗೂ ಇರಲಾರದು. ಆದರೆ ಒರೆಸಿದ ತಾರೀಖಿನ ಮೇಲೆ ಕಾಲಿಟ್ಟು ನೀನು ಒಳಗೆ ಬಂದರೆ, ಪ್ರತಿ ದಿನ ಬೆಳಗ್ಗೆ ನಿನಗೆ ಬಾಗಿಲು ತೆಗೆಯುವುದು ನನ್ನಿಂದಾಗದು.

ಬೈ. ಈ ಸಲ ಆರಲು ಬಿಡಬೇಡ, ಬಿಸಿಯಿದ್ದಾಗಲೇ ಬೈ.

ಚಿಗುಸಾ


ತೊಬುಸೆ
ನವೆಂಬರ್ 7

ಅಪ್ಪ,

ನೀನು ಬರೆದಿಲ್ಲ. ಆದರೂ ನಡೆದದ್ದನ್ನು ಹೇಳುತ್ತೇನೆ.

ಸಭಾಭವನದಲ್ಲಿ ನನಗೆ ಕೊಟ್ಟದ್ದು ಸೇವಂತಿಗೆ ಕುಂಡಗಳ ಹಿಂದಿನ ಗೋಡೆ. ಒಂದು ಕಡೆ ಹಿರಿಯರ ಕುಂಚದ ಬರಹ, ಇನ್ನೊಂದು ಕಡೆ ಶಿಶುವಿಹಾರದ ಮಕ್ಕಳ ಕಾಗದದ ಏಡಿಗಳು. ಜನ ಬಂದರು. ತಮ್ಮ ತಮ್ಮ ಜಾಗ ಹುಡುಕಿದರು. "ಇದು ನಮ್ಮ ಬಾವಿ ಇದ್ದ ಕಡೆ ಅಲ್ವೇನೋ?" "ಬಾವಿ ಅಲ್ಲಯ್ಯ, ನಿನ್ನ ಕತ್ತೆ ಕಟ್ಟೋ ಜಾಗ." "ನಾನು ಯಾವತ್ತು ಕತ್ತೆ ಸಾಕಿದ್ದೆ?" ಅಜ್ಜಿ ತನ್ನ ಫೋಟೊದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದಳು, ಟಿಕೆಟು ಹರಿಯುವವಳ ಹಾಗೆ.

ಜೂನ್ 18ರ ಫೋಟೊದ ಮುಂದೆ ಮಾತ್ರ ಯಾರೂ ಜಾಗ ಹುಡುಕುತ್ತಿರಲಿಲ್ಲ. ಓದುತ್ತಿದ್ದರು, ಮುಂದೆ ಹೋಗುತ್ತಿದ್ದರು. ನಮ್ಮ ಊರು ಗೊತ್ತಲ್ಲ. ಪ್ರತಿ ಮನೆಯಲ್ಲೂ ಒಬ್ಬನಾದರೂ ಬೆಟ್ಟದ ಸಂಬಳ ತರುವವನಿದ್ದಾನೆ.

ಮಧ್ಯಾಹ್ನ ಮೊರಿವಾಕಿ-ಸಾನ್ ಬಂದರು. ಕೈಯಲ್ಲಿ ದೊಡ್ಡ ಚೌಕಟ್ಟು. ಯಾರನ್ನೂ ಕೇಳದೆ ನನ್ನ ಫೋಟೊದ ಪಕ್ಕದಲ್ಲೇ ತೂಗುಹಾಕಿದರು. ಅದು ಆಲ್ಬಮ್ಮಿನ ಫೋಟೊ: ಹೊಂಡ, ಹೊಂಡದ ಪಕ್ಕ ಹಲಗೆ, ಹಲಗೆಯ ಮೇಲೆ ಜೂನ್ 5. "ಇದು ಇಲಾಖೆಗೆ ಒಪ್ಪಿಸಿರೋ ದಾಖಲೆ. ಆ ಹುಡುಗಿ ಎಲ್ಲಿ ನಿಂತು ತೆಗೆದ್ಲೋ ಏನೋ, ಹೊಂಡ ಕಾಣದೇ ಇರೋ ಮೂಲೆ ಹುಡುಕಿದ್ರೆ ಹೊಂಡ ಹೇಗೆ ಕಾಣುತ್ತೆ? ನೀವೇ ನೋಡ್ಕೊಳ್ಳಿ" ಎಂದರು. ಜನರ ಮುಖ ಹಗುರಾಯಿತು. ಎರಡು ಹಲಗೆ, ಎರಡು ತಾರೀಖು. ಶಾಲೆ ಬಿಟ್ಟವಳ ಮಾತನ್ನು ಯಾರು ನಂಬುತ್ತಾರೆ?

ಅಷ್ಟರಲ್ಲಿ ಹೂ ಜೋಡಿಸುವ ಹರುಯೊ ಅತ್ತೆ, ಅದೇ, ದೇವಸ್ಥಾನದ ಕೆಳಗಿನ ಮನೆಯವಳು, ಚೌಕಟ್ಟಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ಕಿಯೊನೊ, ಬಾ ಇಲ್ಲಿ. ಹೊಂಡದ ಹಿಂದೆ ಬದುವಿನ ಮೇಲೆ ಕೆಂಪಗಿರೋದು ಏನೇ ಅದು?"

ಅಜ್ಜಿ ಎದ್ದು ಬಂದಳು. ನೋಡಿದಳು. ನನ್ನ ಕಡೆ ನೋಡಿದಳು, ಮತ್ತೆ ಚೌಕಟ್ಟನ್ನು ನೋಡಿದಳು. ಆಮೇಲೆ ಅವಳು ನಕ್ಕ ನಗುವಿಗೆ ಏಡಿಗಳೆಲ್ಲ ಗೋಡೆಯ ಮೇಲೆ ಅಲುಗಾಡಿದವು.

"ಹಿಗನ್ ಹೂವು! ಬದು ತುಂಬ ಹಿಗನ್ ಹೂವು! ಮೊರಿವಾಕಿ-ಸಾನ್, ನಾನು ಹುಟ್ಟಿದಾಗಿಂದ ಆ ಹೂವು ನೋಡ್ತಿದೀನಿ. ಸೆಪ್ಟೆಂಬರ್ ಕೊನೇಲಿ ಸಮಾಧಿ ತೊಳೆಯೋ ವಾರ ಬಿಟ್ಟು ಅದು ಒಂದು ದಿನಾನೂ ಮುಂಚೆ ಬಂದಿಲ್ಲ. ನೀವು ಜೂನಲ್ಲಿ ಹೇಗೆ ಅರಳಿಸಿದ್ರಿ? ನಮಗೂ ಸ್ವಲ್ಪ ಹೇಳ್ಕೊಡಿ!"

ಹೊಂಡ ತೋಡಿದವರು, ಹಲಗೆ ಹಿಡಿದವನು, ಒರೆಸಿ ಬರೆದವರು, ಯಾರಿಗೂ ಹೂವು ಕಂಡಿರಲಿಲ್ಲ. ಸತ್ಯ ಹೇಳಬೇಕೆಂದರೆ ಅಲ್ಲೇ ನಿಂತಿದ್ದ ನನಗೂ ಕಂಡಿರಲಿಲ್ಲ. ಎಲ್ಲರೂ ಹಲಗೆಯನ್ನೇ ನೋಡುತ್ತಿದ್ದೆವು.

ಜನ ಮುಗಿಬಿದ್ದರು. ಯಾರೋ ಮೊಬೈಲಿನಲ್ಲಿ ಫೋಟೊದ ಫೋಟೊ ತೆಗೆದರು. ಮೊರಿವಾಕಿ-ಸಾನ್ ಚೌಕಟ್ಟು ಇಳಿಸಲು ಕೈ ಚಾಚಿದಾಗ ತೊಕುಜಿ ಮಾಮ ಅಡ್ಡ ನಿಂತು, "ಇರಲಿ ಬಿಡಿ, ಹೂವು ಚೆನ್ನಾಗಿದೆ" ಎಂದ. ನಿನ್ನೆ ಸೋಮವಾರ ಬೆಳಗ್ಗೆಯೇ ಸಂಘದವರು ಇಲಾಖೆಗೆ ಹೋದರು. ಮಧ್ಯಾಹ್ನವೇ ಇಬ್ಬರು ಅಧಿಕಾರಿಗಳು ಬಂದು, ಈ ಸಲ ಬೆಟ್ಟವನ್ನೇ ನೋಡಿದರು. ಉತ್ತರ ಮುಖದ ಕೆಲಸ ನಿಲ್ಲಿಸಿದ್ದಾರೆ.

ಸಂಜೆ ಮೊರಿವಾಕಿ-ಸಾನ್ ಮನೆಗೆ ಬಂದಿದ್ದರು. ಒಳಗೆ ಬರಲಿಲ್ಲ. "ಇಸಾವೊಗೆ ಹೇಳಮ್ಮಾ, ಉತ್ತರ ಮುಖಾನೇ ಇಲ್ಲ ಅಂದ್ಮೇಲೆ ಬುಲ್ಡೋಜರ್ ಸೀಟು ಎಲ್ಲಿಂದ ಕೊಡ್ಲಿ? ನಾನೇ ಫೋನ್ ಮಾಡಿ ಹೇಳೋಕೆ ನನ್ನ ಕೈಲಾಗಲ್ಲ" ಎಂದರು.

ಹೇಳಿದ್ದೇನೆ.

ಚಿಗುಸಾ


ತೊಬುಸೆ
ಡಿಸೆಂಬರ್ 20

ಅಪ್ಪ,

ನೀನು ಹೊಸ ವರ್ಷಕ್ಕೂ ಬರುವುದಿಲ್ಲವೆಂದು ಅಜ್ಜಿಗೆ ಫೋನಿನಲ್ಲಿ ಹೇಳಿದೆಯಂತೆ. ನನ್ನನ್ನು ಕರೆಯಲಿಲ್ಲ.

ಮನೆಯಿಂದ ಮನೆಗೆ ಕೈದಾಟುವ ಊರ ಸುತ್ತೋಲೆ ಈಗ ನಮ್ಮ ಮನೆ ದಾಟಿ ನೇರ ಪಕ್ಕದ ಮನೆಗೆ ಹೋಗುತ್ತದೆ. ಕೆಲಸ ನಿಂತ ಚಾಲಕರ ಹೆಂಡತಿಯರು ಅಂಗಡಿಯಲ್ಲಿ ನನ್ನ ಕಡೆ ಬೆನ್ನು ಹಾಕುತ್ತಾರೆ. ಅಜ್ಜಿ ಮೂಲಂಗಿ ಉಪ್ಪಿನಕಾಯಿ ಹಾಕಿ ಕಳಿಸಿದ ಬಟ್ಟಲು ಖಾಲಿ ವಾಪಸ್ ಬಂತು. ನಮ್ಮೂರಲ್ಲಿ ಹಾಗೆ ಯಾರೂ ಮಾಡಿದ್ದಿಲ್ಲ. ಅಜ್ಜಿ ಅದನ್ನು ತೊಳೆದು, ಮತ್ತೆ ತುಂಬಿಸಿ, ಅದೇ ಮನೆಗೆ ಕಳಿಸಿದಳು. "ನಾಚಿಕೆ ಆಗ್ಬೇಕಾದ್ದು ಅವರಿಗೆ, ನನ್ನ ಮೂಲಂಗಿಗಲ್ಲ" ಎಂದಳು. ಅವಳೀಗ ತೊಕುಜಿ ಮಾಮನ ಶೆಡ್ಡಿನಲ್ಲಿ ನೊರಿ ಒಣಗಿಸುವ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಎಲ್ಲರಿಗಿಂತ ಜೋರು ಬಾಯಿ ಅವಳದೇ ಅಂತೆ.

ಕ್ಷಮಿಸು ಎಂದು ಬರೆಯಬೇಕೆಂದು ನೀನು ಕಾಯುತ್ತಿದ್ದರೆ, ಬರೆಯುವುದಿಲ್ಲ. ನೀನು ಮನೆಗೆ ಬರಲಾಗದ್ದಕ್ಕೆ ಅತ್ತಿದ್ದೇನೆ. ತಾರೀಖಿಗೆ ಅಳುವುದಿಲ್ಲ. ಎರಡನ್ನೂ ಬೆರೆಸಿ ಒಂದೇ ಮಾತಾಗಿ ಹೇಳಲು ನನಗೆ ಬರುವುದಿಲ್ಲ.

ಚಿಗುಸಾ


ಶಿಜುಹಮ
ಜನವರಿ 14, 2018

ಚಿಗು,

ಹಿಮ ಬಿದ್ದಿದೆ. ಕೆಲಸವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಇನ್ನೂ ಸಿಟ್ಟಿದೆ. ಹೋಗುತ್ತದೆಂದು ಕಾದೆ, ಹೋಗಲಿಲ್ಲ. ಈ ಸಿಟ್ಟಿನ ಜೊತೆಗೇ ಬರೆಯಬೇಕು ಎಂದು ಕುಳಿತೆ.

ನಮಗೆ ಊಟದ ಡಬ್ಬಿ ತರುವ ಸುಗಾವಾರಾ-ಸಾನ್ ಎಂಬ ಹೆಂಗಸಿದ್ದಾರೆ. ಸುನಾಮಿಯಲ್ಲಿ ಗಂಡ, ಇಬ್ಬರು ಗಂಡುಮಕ್ಕಳು, ಮನೆ, ಎಲ್ಲ ಹೋಯಿತು. ಹೊಸ ವರ್ಷದ ದಿನ ಎಲ್ಲರೂ ಊರಿಗೆ ಹೋಗಿದ್ದರು, ನಾನೊಬ್ಬನೇ ಇದ್ದೆ. ಅವರು ಮೋಚಿ ಸಾರು ತಂದು ಎದುರಿಗೆ ಕುಳಿತರು. "ನಿಮಗೆ ಮನೆ ಇಲ್ವಾ?" ಎಂದರು. ಇದೆ ಎಂದೆ, ಎಲ್ಲ ಹೇಳಿದೆ. ಹೂವಿನ ವಿಷಯಕ್ಕೆ ಬಂದಾಗ ಬಹಳ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ, "ಮಗಳು ಈಗ ಏನ್ಮಾಡ್ತಾಳೆ? ಸುಮ್ನೆ ಕೂತಿದಾಳಾ? ಇಲ್ಲಿಗೆ ಕರೀರಿ" ಎಂದರು.

ವಿಷಯ ಇಷ್ಟು. ಈ ಊರಿನ ಹಳೆಯ ಗದ್ದೆ, ಅಂಗಡಿ ಬೀದಿ, ಎಲ್ಲದರ ಮೇಲೂ ಮಣ್ಣು ತುಂಬಿ ಎತ್ತರಿಸುತ್ತಿದ್ದಾರೆ. ಎದುರಿಗೆ ಗೋಡೆ. ಊರಿನವರೇ ಸೇರಿ, ಯಾವುದು ಎಲ್ಲಿತ್ತು, ಈಗ ಏನಾಗಿದೆ ಎಂದು ಒಂದೊಂದೇ ಜಾಗದ ಫೋಟೊ ತೆಗೆಸಿಡಬೇಕೆಂದಿದ್ದಾರೆ. ಗೋಡೆ ಬೇಕೆನ್ನುವವರಿದ್ದಾರೆ, ಬೇಡವೆನ್ನುವವರಿದ್ದಾರೆ. ಒಬ್ಬ ಮುದುಕ ಬೆಳಗ್ಗೆ ಎದ್ದು ಸಮುದ್ರದ ಬಣ್ಣ ನೋಡಿ ದೋಣಿ ಇಳಿಸುತ್ತಿದ್ದವನು, ಈಗ ಗೋಡೆಯ ಮುಂದೆ ನಿಂತು ನನ್ನನ್ನು ಬೈಯುತ್ತಾನೆ. ಸುಗಾವಾರಾ-ಸಾನ್ ಇನ್ನೂ ಎತ್ತರ ಕಟ್ಟಿ ಎನ್ನುತ್ತಾರೆ. ಫೋಟೊ ತೆಗೆಯುವವರು ಯಾರ ಕಡೆಯವರೂ ಆಗಿರಬಾರದಂತೆ, ಆದರೆ ಬಾಯಿ ಮುಚ್ಚಿಕೊಂಡಿರುವವರೂ ಆಗಬಾರದಂತೆ. ಅಂಥವರು ಸಿಗುತ್ತಿಲ್ಲ. ಸುಗಾವಾರಾ-ಸಾನ್ ಹೊಸದಾಗಿ ಕಟ್ಟಿಸಿಕೊಂಡ ಮನೆಯ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇದೆ.

ಒಂದು ಮಾತು. ಗೋಡೆ ಕೊಳಕು ಎಂದು ನಿನಗನ್ನಿಸಿದರೆ ಹೇಳು, ಆದರೆ ಸುಗಾವಾರಾ-ಸಾನ್ ಎದುರಿಗೆ ನಿಂತು ಹೇಳು. ನನ್ನ ಬೆನ್ನ ಹಿಂದೆ ಬೇಡ.

ಬರುವುದಾದರೆ ಬಾ. ದಪ್ಪ ಕಾಲುಚೀಲ ತಾ, ಇಲ್ಲಿ ಸಿಗುವುದು ಬೇಗ ಹರಿಯುತ್ತದೆ.

ಇಸಾವೊ


ತೊಬುಸೆ
ಜನವರಿ 23

ಅಪ್ಪ,

ಬರುತ್ತೇನೆ. ಕ್ಷಮೆ ಕೇಳಲು ಬರುತ್ತಿಲ್ಲ, ಇದನ್ನು ಮೊದಲೇ ತಿಳಿದುಕೊಂಡಿರು. ನಿನ್ನ ಸಿಟ್ಟು ಹಾಗೇ ಇರಲಿ, ಅದರ ಪಕ್ಕದಲ್ಲಿ ಕುಳಿತು ಊಟ ಮಾಡಬಲ್ಲೆ.

ಗೋಡೆಯನ್ನು ಎರಡೂ ಕಡೆಯಿಂದ ನೋಡುತ್ತೇನೆ. ಏನನ್ನಿಸುತ್ತದೋ ಅದನ್ನು ಸುಗಾವಾರಾ-ಸಾನ್ ಎದುರಿಗೇ ಹೇಳುತ್ತೇನೆ. ಅವರು ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಆ ಮುದುಕನ ಎದುರಿಗೂ ಹೇಳುತ್ತೇನೆ. ಯಾರಿಗೂ ಬೇಕಾದ ಹಾಗೆ ತೆಗೆಯುವುದಿಲ್ಲ, ನಿನಗೂ. ಇದು ಅವರಿಗೆ ಒಪ್ಪಿಗೆಯಾಗದಿದ್ದರೆ ಅದೇ ದಿನ ಹೇಳಲಿ, ಮುಂದೆ ಎಲ್ಲಿಗೆ ಹೋಗಬೇಕೋ ಹೋಗುತ್ತೇನೆ. ವಾಪಸ್ ಬಂದು ಶಾಲೆಯ ಬೆಂಚಿನ ಮೇಲೆ ಮಾತ್ರ ಕೂರುವುದಿಲ್ಲ.

ಅಜ್ಜಿಯನ್ನು ಜೊತೆಗೆ ಬಾ ಎಂದೆ. "ನೊರಿ ಕಾಲದಲ್ಲಿ ನಾನು ಎಲ್ಲಿಗೆ ಬರ್ಲಿ? ನೀನು ಹೋಗೇ ಸುಮ್ನೆ, ತಲೆ ತಿನ್ಬೇಡ" ಎಂದು ಬೈದು, ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಸೌದೆ ಒಡೆದಳು. ಒಲೆಯ ಪಕ್ಕ ಈಗಾಗಲೇ ಇಡೀ ಚಳಿಗಾಲಕ್ಕಾಗುವಷ್ಟು ಸೌದೆಯಿದೆ.

ನಾಳೆ ಬೆಳಗಿನ ಮೊದಲ ದೋಣಿಗೆ ಹೊರಡುತ್ತೇನೆ.

ಚಿಗುಸಾ